ಜಾತಕ ನೋಡಿ ಕೊಂಡ ಕಾರು

ನನಗೆ ಕಾರು ಬಿಡಲು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟು, ಬಸ್ಸಿನಲ್ಲೇ ಓಡಾಡಿ ಆಯುಸ್ಸಿನ ಅರ್ಧ ಕಳೆದಿರುವ ಹೆಂಗಸು ಇಂಗ್ಲೆಂಡಿನ ರೇಸ್ ಕಾರಿನ ಬಗ್ಗೆ ಬರೆಯಲು ಕೂತರೆ, ‘ಇವಳಿಗೇಕೆ ಈ ಉಸಾಬರಿ?’ ಎಂದು ಯಾರಾದರೂ ಕೇಳಬಹುದು. ಕೇಳಲಿ. ಕೊನೆಯವರೆಗೂ ಓದಿದ ಮೇಲೆ, ಇದು ನನ್ನ ಉಸಾಬರಿಯೇ ಅಲ್ಲವೇ ಎಂಬುದನ್ನು ನೀವೇ ಹೇಳಿ.

ಹೋದ ಬೇಸಿಗೆ ರಜದಲ್ಲಿ ನನ್ನ ಅಣ್ಣನ ಮಗ ಊರಿಗೆ ಬಂದಿದ್ದ. ಇಂಗ್ಲೆಂಡಿನ ಕಾವೆಂಟ್ರಿಯ ಹತ್ತಿರ ಅವನಿಗೆ ಇಂಜಿನಿಯರ್ ಕೆಲಸ. ಹಳೇ ಕಾರು ಎಂದರೆ ಅವನಿಗೆ ಪ್ರಾಣ. ಮಧ್ಯಾಹ್ನ ಊಟವಾದ ಮೇಲೆ ನಾನು ಹಜಾರದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದೆ. ಅವನು ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟು, “ಅತ್ತೆ, ಇದನ್ನ ನೋಡಿ” ಎಂದ. ಧೂಳು ಹಿಡಿದು ಬಣ್ಣ ಮಂಕಾದ, ತಲೆಯ ಮೇಲೆ ಮುಚ್ಚಿಗೆಯೂ ಇಲ್ಲದ ಒಂದು ಪುಟ್ಟ ಕಾರು. ನಮ್ಮ ಕಡೆ ಇಂಥದ್ದು ಗ್ಯಾರೇಜಿನ ಹಿಂದೆ ಬಿದ್ದಿರುತ್ತದೆ, ಅದರ ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುತ್ತದೆ.

“ಇದಕ್ಕೆ ಎಷ್ಟು ಬೆಲೆ ಇರಬಹುದು ಹೇಳಿ ಅತ್ತೆ.”

“ಒಂದು ಲಕ್ಷ?” ಎಂದೆ, ಉದಾರವಾಗಿ.

ಅವನು ನಕ್ಕ. 2011ರ ಡಿಸೆಂಬರಿನಲ್ಲಿ ಬಾನಮ್ಸ್ ಎಂಬ ಹರಾಜು ಸಂಸ್ಥೆ ಇಂಗ್ಲೆಂಡಿನಲ್ಲಿ ಅದನ್ನು ಮಾರಿದಾಗ ಬಂದ ಬೆಲೆ 8,43,000 ಪೌಂಡು. ಆಗಿನ ಲೆಕ್ಕದಲ್ಲಿ ನಮ್ಮ ಆರೂವರೆ ಕೋಟಿ ರೂಪಾಯಿಗೂ ಮೇಲೆ. ಆಸ್ಟಿನ್-ಹೀಲಿ ಹೆಸರಿನ ಕಾರಿಗೆ ಅಲ್ಲಿಯವರೆಗೆ ಯಾವ ಹರಾಜಿನಲ್ಲೂ ಅಷ್ಟು ಬಂದಿರಲಿಲ್ಲವಂತೆ. ಮಾರಿದವರು ಅದನ್ನು 1969ರಲ್ಲಿ ಕೊಂಡದ್ದು 155 ಪೌಂಡಿಗೆ.

“ಅಂಥಾದ್ದು ಏನಪ್ಪಾ ಇದೆ ಇದರಲ್ಲಿ?”

“ಇದಕ್ಕೆ ಹಿಸ್ಟರಿ ಇದೆ ಅತ್ತೆ” ಎಂದ.

ಮೂವತ್ತು ವರ್ಷ ಹಿಸ್ಟರಿಯನ್ನೇ ಪಾಠ ಮಾಡಿದವಳಿಗೆ ಆ ಮಾತು ಹೇಳಿದರೆ ಸುಮ್ಮನಿರುತ್ತೇನೆಯೇ? “ಏನು ಹಿಸ್ಟರಿ, ಹೇಳು” ಎಂದೆ. ಅವನು ಹೇಳಿದ. ಮಿಕ್ಕದ್ದನ್ನು ಆಮೇಲೆ ನಾನೇ ಹುಡುಕಿ ಓದಿದೆ. ನಿಮಗೂ ಹೇಳುತ್ತೇನೆ.

ಡೊನಾಲ್ಡ್ ಹೀಲಿ ಎಂಬಾತ ಇಂಗ್ಲೆಂಡಿನ ಕಾರ್ನ್‌ವಾಲಿನವನು. ವಾರಿಕ್ ಪಟ್ಟಣದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡು ಓಟದ ಕಾರು ಮಾಡುತ್ತಿದ್ದ. 1952ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನಕ್ಕೆ ಅವನು ತಂದಿಟ್ಟ ಕಾರನ್ನು ಆಸ್ಟಿನ್ ಕಂಪನಿಯ ಯಜಮಾನ ಮೆಚ್ಚಿ, ಇದನ್ನು ನಾವೇ ತಯಾರಿಸುತ್ತೇವೆ ಎಂದ. ಹಾಗೆ ಆಸ್ಟಿನ್-ಹೀಲಿ ಹುಟ್ಟಿತು. ಅದೇ 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು ಒಂದಾದವು. ನಮ್ಮ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ನಿಲ್ಲುತ್ತಿದ್ದ, ಮದುವೆಗೆ ಹನ್ನೊಂದು ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಅಂಬಾಸಡರ್ ಕಾರಿನ ಮೂಲ ಮಾರಿಸ್ ಆಕ್ಸ್‌ಫರ್ಡ್. ಒಟ್ಟಿನಲ್ಲಿ ಈ ಧೂಳು ಹಿಡಿದ ಕಾರು ನಮ್ಮ ಅಂಬಾಸಡರಿಗೆ ದಾಯಾದಿ. ಇದು 100 ಎಸ್ ಎಂಬ ಜಾತಿಯದು. ಹಗುರವಾದ ಅಲ್ಯೂಮಿನಿಯಂ ಮೈ, ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಗಿರಾಕಿಗಳಿಗೆಂದು ಮಾಡಿದ್ದು ಐವತ್ತೇ ಐವತ್ತು; ಕಂಪನಿ ತನ್ನ ಓಟಕ್ಕೆಂದು ಇಟ್ಟುಕೊಂಡದ್ದು ಬೆರಳೆಣಿಕೆಯಷ್ಟು. ಈ ಕಾರು ಆ ಬೆರಳೆಣಿಕೆಯದರಲ್ಲಿ ಒಂದು. ನಂಬರು ಎನ್‌ಓಜೆ 393.

ಇನ್ನು ಆ ‘ಹಿಸ್ಟರಿ’.

ಫ್ರಾನ್ಸಿನ ಲೆ ಮಾನ್ ಊರಿನಲ್ಲಿ 1923ರಿಂದ ಇಪ್ಪತ್ತನಾಲ್ಕು ಗಂಟೆಗಳ ಕಾರ್ ಓಟ ನಡೆಯುತ್ತದೆ. 1955ರ ಜೂನ್ 11ರ ಶನಿವಾರ ಸಂಜೆ ನಾಲ್ಕಕ್ಕೆ ಓಟ ಶುರುವಾಯಿತು. ಜನ ಜಾತ್ರೆಯಂತೆ ಸೇರಿದ್ದರು. ರಸ್ತೆಯ ಅಂಚಿಗೆ ಒಂದು ಮಣ್ಣಿನ ದಿಬ್ಬ, ಅದರ ಆಚೆಗೆ ಜನ. ಹಿಂದೆ ನಿಂತವರಿಗೆ ಕಾಣುವುದಿಲ್ಲವೆಂದು ಏಣಿ, ಕುರ್ಚಿ ತಂದು ಅದರ ಮೇಲೆ ಹತ್ತಿ ನಿಂತವರೂ ಇದ್ದರು. ನಮ್ಮಲ್ಲಿ ತೇರು ನೋಡುವುದಕ್ಕೆ ಜಗಲಿ ಹತ್ತುವ ಹಾಗೆ.

ಆರೂವರೆಗೆ ಇನ್ನೇನು ಕೆಲವು ನಿಮಿಷವಿತ್ತು. ಮುಂದೆ ಓಡುತ್ತಿದ್ದ ಜಾಗ್ವಾರ್ ಕಾರಿನ ಮೈಕ್ ಹಾಥಾರ್ನ್, ಈ ಹೀಲಿ ಕಾರನ್ನು ದಾಟಿ ಹೋದವನು, ಪೆಟ್ರೋಲು ಹಾಕಿಸುವ ಕಟ್ಟೆಗೆ ಹೋಗಲೆಂದು ಬಲಕ್ಕೆ ಬಂದು ಬ್ರೇಕು ಹಾಕಿದ. ಹೀಲಿ ಓಡಿಸುತ್ತಿದ್ದ ಲಾನ್ಸ್ ಮ್ಯಾಕ್ಲಿನ್ ಅವನಿಗೆ ಹೊಡೆಯದಿರಲೆಂದು ಎಡಕ್ಕೆ ತಿರುಗಿಸಿದ. ಹಿಂದಿನಿಂದ ಗಂಟೆಗೆ 200 ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಪಿಯರ್ ಲವೇಗ್ ಎಂಬ ಫ್ರೆಂಚ್ ಚಾಲಕನ ಮರ್ಸಿಡಿಸ್ ಬರುತ್ತಿತ್ತು. ಅದು ಹೀಲಿಯ ಇಳಿಜಾರಾದ ಹಿಂಭಾಗದ ಮೇಲೆ ಹತ್ತಿ ಗಾಳಿಗೆ ಹಾರಿತು. ದಿಬ್ಬಕ್ಕೆ ಬಡಿದು ಒಡೆಯಿತು. ಅದರ ಇಂಜಿನ್ನು, ಬಾನೆಟ್ಟು, ಮುಂದಿನ ಅಚ್ಚು ಜನರ ನಡುವೆ ತೂರಿಹೋದವು. ಮೈಯಲ್ಲಿದ್ದ ಮೆಗ್ನೀಸಿಯಂ ಹತ್ತಿಕೊಂಡಿತು. ನೀರು ಹಾಕಿದಷ್ಟೂ ಬೆಂಕಿ ಹೆಚ್ಚಾಯಿತು. ಲವೇಗ್ ಸತ್ತ. ಅವನ ಜೊತೆಗೆ ನೋಡಲು ಬಂದಿದ್ದ ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಮೋಟಾರು ಓಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದುರಂತ ಇನ್ನೊಂದಿಲ್ಲ.

ಓಟ ನಿಲ್ಲಲಿಲ್ಲ. ನಿಲ್ಲಿಸಿದರೆ ಮನೆಗೆ ಹೊರಟ ಜನರಿಂದ ದಾರಿ ತುಂಬಿ ಆಂಬುಲೆನ್ಸುಗಳು ಸಿಕ್ಕಿಹಾಕಿಕೊಳ್ಳುತ್ತವೆ ಎಂದು ನಡೆಸಿದವರು ಕಾರಣ ಕೊಟ್ಟರು. ಇರಬಹುದು. ನಡುರಾತ್ರಿ ಕಳೆದ ಮೇಲೆ ಮರ್ಸಿಡಿಸ್‌ನವರು, ತಾವೇ ಮುಂದಿದ್ದರೂ, ಉಳಿದ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡರು. ಜಾಗ್ವಾರಿನವರು ಓಡಿಸಿದರು, ಮರುದಿನ ಸಂಜೆ ಹಾಥಾರ್ನ್ ಮತ್ತು ಅವನ ಜೊತೆಗಾರ ಗೆದ್ದರು. ಸರ್ಕಾರದ ವಿಚಾರಣೆ ಯಾವ ಚಾಲಕನನ್ನೂ ತಪ್ಪಿತಸ್ಥನೆನ್ನಲಿಲ್ಲ; ಇಷ್ಟು ವೇಗಕ್ಕೆ ಆ ರಸ್ತೆಯೇ ತಕ್ಕದ್ದಲ್ಲ ಎಂದಿತು. ಸ್ವಿಟ್ಜರ್ಲೆಂಡ್ ದೇಶ ತನ್ನ ನೆಲದಲ್ಲಿ ಇಂಥ ಓಟಗಳನ್ನೇ ನಿಷೇಧಿಸಿ ದಶಕಗಟ್ಟಲೆ ಹಾಗೆಯೇ ಇತ್ತು. ಹೀಲಿ ಕಾರನ್ನು ಫ್ರಾನ್ಸಿನ ಅಧಿಕಾರಿಗಳು ಬಹಳ ಕಾಲ ವಶದಲ್ಲಿಟ್ಟುಕೊಂಡು ಆಮೇಲೆ ಬಿಟ್ಟರು. ರಿಪೇರಿಯಾಯಿತು, ಕೈ ಬದಲಾಯಿತು, 155 ಪೌಂಡಿಗೆ ಮಾರಿಹೋಯಿತು, ನಲವತ್ತೆರಡು ವರ್ಷ ಧೂಳು ತಿಂದಿತು. ಆಮೇಲೆ 8,43,000 ಪೌಂಡು.

ಇದು ಆ ಕಾರಿನ ಹಿಸ್ಟರಿ.

ಹರಾಜಿನವರ ಭಾಷೆಯಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ, ‘ಪ್ರಾವೆನೆನ್ಸ್’ ಎಂದು. ವಸ್ತು ಎಲ್ಲಿ ಹುಟ್ಟಿತು, ಯಾರ ಯಾರ ಕೈಯಲ್ಲಿತ್ತು, ಏನೇನು ಕಂಡಿತು ಎಂಬ ದಾಖಲೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಾತಕ. ಎರಡು ಕಾರುಗಳ ಕಬ್ಬಿಣ ಒಂದೇ, ಅಲ್ಯೂಮಿನಿಯಂ ಒಂದೇ. ಜಾತಕ ಬೇರೆಯಾದರೆ ಬೆಲೆ ಬೇರೆ. ನ್ಯಾಯವಾಗಿ ಹೇಳಬೇಕು: ಈ ಕಾರಿಗೆ ಕಂಪನಿಯದೇ ಓಟದ ಕಾರು ಎಂಬ ಹೆಚ್ಚುಗಾರಿಕೆಯೂ ಇತ್ತು, ಅಪರೂಪದ್ದು ಎಂಬ ಬೆಲೆಯೂ ಇತ್ತು. ಆದರೆ ಹರಾಜಿನ ಸುದ್ದಿ ಬರೆದ ಪತ್ರಿಕೆಗಳು ತಲೆಬರಹದಲ್ಲಿ ಹಾಕಿದ್ದು ಡಿಸ್ಕ್ ಬ್ರೇಕನ್ನಲ್ಲ, ಲೆ ಮಾನ್ ಸಾವುಗಳನ್ನು. ಜಗತ್ತಿಗೆ ಅದನ್ನು ಪರಿಚಯ ಮಾಡಿಕೊಡುವಾಗ ಮೊದಲು ಎದ್ದು ನಿಂತದ್ದು ಆ ಎಂಬತ್ತು ಹೆಣಗಳು.

ಈಗ ನಮ್ಮ ಮನೆಯ ಮಾತು ಹೇಳಬೇಕು.

1994ರಲ್ಲಿ ನನ್ನ ಅಣ್ಣ ಬ್ಯಾಂಕಿನ ಕೆಲಸ ಮುಗಿಸಿಕೊಂಡು ತಿಪಟೂರಿನ ರಸ್ತೆಯಲ್ಲಿ ಸ್ಕೂಟರಿನ ಮೇಲೆ ಬರುತ್ತಿದ್ದ. ಎದುರಿಗೆ ಬಂದ ಲಾರಿ ಹೊಡೆಯಿತು. ಅವನಿಗೆ ಇಪ್ಪತ್ತೊಂಬತ್ತು ವರ್ಷ. ರಸ್ತೆ ಬದಿಯಲ್ಲಿ ಎಳನೀರು ಮಾರುತ್ತಿದ್ದವನೊಬ್ಬ ಓಡಿಬಂದು ಅವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಿಕ್ಕಿದ ಟೆಂಪೋ ನಿಲ್ಲಿಸಿ ಆಸ್ಪತ್ರೆಗೆ ತಂದ. ಬರುವಾಗಲೇ ಮುಗಿದಿತ್ತು. ಆ ಹುಡುಗನ ಅಂಗಿಯೆಲ್ಲ ಒದ್ದೆಯಾಗಿತ್ತು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಸ್ಕೂಟರ್ ಪೊಲೀಸ್ ಠಾಣೆಗೆ ಹೋಯಿತು. ಠಾಣೆಯ ಅಂಗಳದಲ್ಲಿ ಸಾಲಾಗಿ ಬಿದ್ದಿರುವ, ಮಳೆ ಬಿಸಿಲಿಗೆ ತುಕ್ಕು ಹಿಡಿಯುವ ವಾಹನಗಳನ್ನು ನೀವೂ ನೋಡಿರುತ್ತೀರಿ. ಒಂದೊಂದರ ಹಿಂದೆಯೂ ಒಂದು ಮನೆ ಇರುತ್ತದೆ ಎಂಬುದು ನಮಗೆ ಆಗ ತಿಳಿಯಿತು. ಒಂದೂವರೆ ವರ್ಷದ ಮೇಲೆ ಅದನ್ನು ಬಿಡಿಸಿಕೊಂಡು ಹೋಗಿ ಎಂದರು. ಅಪ್ಪ ಸಹಿ ಹಾಕಿದರು. ಗುಜರಿಯವನು ಒಂದು ಸಾವಿರದ ಇನ್ನೂರು ರೂಪಾಯಿ ಕೊಟ್ಟ. ಅಮ್ಮ ಬಾಗಿಲಲ್ಲೇ ನಿಂತು, “ಆ ದುಡ್ಡು ಹೊಸ್ತಿಲು ದಾಟಬಾರದು” ಎಂದಳು. ಅಪ್ಪ ಚಪ್ಪಲಿ ಬಿಡದೆ ಹಾಗೆಯೇ ತಿರುಗಿ ಹೋದರು. ಎಳನೀರಿನ ಹುಡುಗನಿಗೆ ಒಂದು ಪ್ಯಾಂಟು, ಎರಡು ಅಂಗಿ ಹೊಲಿಸಿಕೊಟ್ಟು, ಮಿಕ್ಕದ್ದನ್ನು ಅವನ ಕೈಯಲ್ಲಿಟ್ಟು ಬಂದರು.

ಆಗ ನಾನು ಬಿಎಡ್ ಮುಗಿಸಿ ಕೆಲಸಕ್ಕೆ ಸೇರಿದ್ದ ಹೊಸತು. ಅಮ್ಮನದು ಮೂಢನಂಬಿಕೆ ಎಂದುಕೊಂಡಿದ್ದೆ. ಅದು ಮೂಢನಂಬಿಕೆಯಲ್ಲ, ಒಂದು ಮರ್ಯಾದೆ ಎಂದು ಈಗ ಅನ್ನಿಸುತ್ತದೆ. ಮಗನ ಸಾವಿನಿಂದ ಒಂದು ಕಾಸೂ ಲಾಭವಾಗಬಾರದು ಎಂಬ ಮರ್ಯಾದೆ. ಓದು ಬರಹ ಬಾರದ ನಮ್ಮಮ್ಮನಿಗೆ ಇದ್ದ ಆ ಒಂದು ಗೆರೆ, ಕೋಟು ಹಾಕಿಕೊಂಡು ಮರದ ಸುತ್ತಿಗೆ ಬಡಿಯುವವರಿಗೆ ಯಾಕೆ ಕಾಣಲಿಲ್ಲ?

ಅಮ್ಮನ ಹೊಸ್ತಿಲನ್ನು ಹೊಗಳಿದ ಬಾಯಲ್ಲೇ ನಮ್ಮವರ ಇನ್ನೊಂದು ಕೆಲಸವನ್ನೂ ಹೇಳದಿದ್ದರೆ ಕಪಟವಾದೀತು. ಅಣ್ಣ ಹೋದಾಗ ನನ್ನ ಅತ್ತಿಗೆಗೆ ಇಪ್ಪತ್ತನಾಲ್ಕು. ಮಗುವಿಗೆ ಎರಡು ತುಂಬಿರಲಿಲ್ಲ. ಮೂರು ವರ್ಷದ ಮೇಲೆ ನನ್ನ ಮದುವೆಯಾದಾಗ ಅವಳು ಅಡಿಗೆಮನೆ ಬಿಟ್ಟು ಹಸೆಯ ಹತ್ತಿರ ಬರಲಿಲ್ಲ. ಬರಬೇಡ ಎಂದು ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯ ಇರಲಿಲ್ಲ. ಅವಳ ಜಾತಕದಲ್ಲೇ ದೋಷವಿತ್ತು ಎಂದು ಹಿಂದಿನಿಂದ ಆಡಿದವರು ಇದ್ದರು. ನಾನೂ ಅವತ್ತು ಅವಳ ಕೈಹಿಡಿದು ಕರೆತರಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ಚುಚ್ಚುತ್ತದೆ.

ನೋಡಿ, ಒಂದು ಸಾವು ಹತ್ತಿರ ಸುಳಿದದ್ದಕ್ಕೆ ಇಲ್ಲಿ ಒಂದು ಹೆಣ್ಣಿನ ಬೆಲೆ ಇಳಿಯಿತು. ಎಂಬತ್ತು ಸಾವು ಹತ್ತಿರ ಸುಳಿದದ್ದಕ್ಕೆ ಅಲ್ಲಿ ಒಂದು ಕಾರಿನ ಬೆಲೆ ಏರಿತು. ಎರಡೂ ಕಡೆ ಜಾತಕ ನೋಡಿದವರೇ. ಎರಡೂ ಕಡೆ ಸತ್ತವರ ಬಗ್ಗೆ ಯಾರೂ ಯೋಚಿಸಲಿಲ್ಲ, ಬದುಕಿರುವವರ ಬಗ್ಗೆಯೂ ಇಲ್ಲ. ಅವರು ಸುಧಾರಿಸಿದವರು, ನಾವು ಹಿಂದುಳಿದವರು ಎಂಬ ಮಾತನ್ನು ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಮ್ಮದು ಒಂದು ಬಗೆಯ ಕುರುಡು, ಅವರದು ಇನ್ನೊಂದು ಬಗೆಯದು.

ಬೆಲೆಯ ಮಾತು ಬಂತಲ್ಲ, ಇನ್ನೂ ಒಂದು ಹೇಳುತ್ತೇನೆ. ಅಪಘಾತದಲ್ಲಿ ಸತ್ತ ಮನುಷ್ಯನಿಗೂ ಬೆಲೆ ಕಟ್ಟುತ್ತಾರೆ. ಕೋರ್ಟಿನಲ್ಲಿ ಸತ್ತವನ ವಯಸ್ಸು ನೋಡಿ, ವರ್ಷದ ಸಂಪಾದನೆ ನೋಡಿ, ಅದರಲ್ಲಿ ಅವನ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿ ಪರಿಹಾರ ಲೆಕ್ಕ ಹಾಕುತ್ತಾರೆ. ಅತ್ತಿಗೆ ಆ ಲೆಕ್ಕಕ್ಕಾಗಿ ಆರು ವರ್ಷ ಕೋರ್ಟಿನ ಬೆಂಚಿನ ಮೇಲೆ ಕೂತಳು. ಸಂಬಳವಿಲ್ಲದ ಗೃಹಿಣಿ ಸತ್ತರೆ? 1994ರಲ್ಲಿ ನಮ್ಮ ಮೋಟಾರು ವಾಹನ ಕಾನೂನಿಗೆ ಸೇರಿಸಿದ ಪಟ್ಟಿಯಲ್ಲಿ, ಅವಳ ಆದಾಯವೆಂದರೆ ಗಂಡನ ಆದಾಯದ ಮೂರನೇ ಒಂದು ಭಾಗ ಎಂದು ಬರೆದಿದ್ದರು. ಹಗಲೂ ರಾತ್ರಿ ದುಡಿಯುವವಳ ಕೆಲಸಕ್ಕೆ ಹೀಗೆ ಬೆಲೆ ಕಟ್ಟುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಬೇಕಾಯಿತು. ಗೃಹಿಣಿಯ ದುಡಿಮೆಯ ವಿಚಾರವನ್ನು 2021ರಲ್ಲಿ ಮತ್ತೆ ಎತ್ತಿ ಹೇಳಬೇಕಾಯಿತು. ಮನುಷ್ಯರ ವಿಷಯದಲ್ಲಿ ಇಷ್ಟು ಬಿಗಿಯಾಗಿ, ಪೈಸೆ ಪೈಸೆ ಕಳೆದು ಎಣಿಸುವ ಲೋಕ, ಮನುಷ್ಯರು ಸತ್ತ ಜಾಗದಲ್ಲಿದ್ದ ತಗಡಿಗೆ ಮಾತ್ರ ಕೈಬಿಚ್ಚಿ ಕೊಡುತ್ತದೆ.

ನನ್ನ ಅಣ್ಣನ ಮಗ ಸುಮ್ಮನೆ ಒಪ್ಪಿಕೊಳ್ಳುವ ಹುಡುಗನಲ್ಲ. “ಅತ್ತೆ, ಕಾರಿನದೇನು ತಪ್ಪು?” ಎಂದ. ಕಾರಿನದು ಏನೂ ತಪ್ಪಿಲ್ಲ. ಮ್ಯಾಕ್ಲಿನ್‌ನದೂ ತಪ್ಪಿಲ್ಲ. ಪಾಪ, ಮೂರು ವರ್ಷದ ಮೇಲೆ ಹಾಥಾರ್ನ್ ತನ್ನ ಪುಸ್ತಕದಲ್ಲಿ ತಪ್ಪು ಮ್ಯಾಕ್ಲಿನ್‌ನದು ಎನ್ನುವಂತೆ ಬರೆದಾಗ, ಆತ ಮಾನನಷ್ಟದ ದಾವೆ ಹೂಡಿದ. ತೀರ್ಪು ಬರುವ ಮೊದಲೇ, 1959ರ ಜನವರಿಯಲ್ಲಿ, ಹಾಥಾರ್ನ್ ಸಾಮಾನ್ಯ ರಸ್ತೆಯೊಂದರಲ್ಲಿ ತನ್ನ ಸ್ವಂತ ಜಾಗ್ವಾರ್ ಓಡಿಸುತ್ತ ಅಪಘಾತದಲ್ಲಿ ಸತ್ತ.

ಹೀಲಿ ಕಾರಿನ ಮೇಲೂ ನನಗೆ ಸಿಟ್ಟಿಲ್ಲ. ಅದರ ಕುಲದಲ್ಲೇ ಬಂದ ಆಸ್ಟಿನ್-ಹೀಲಿ 3000 ಎಂಬ ಕಾರಿನಲ್ಲಿ 1960ರಲ್ಲಿ ಪ್ಯಾಟ್ ಮಾಸ್, ಆ್ಯನ್ ವಿಸ್ಡಂ ಎಂಬ ಇಬ್ಬರು ಹೆಂಗಸರು ಲೀಜ್-ರೋಮ್-ಲೀಜ್ ಎಂಬ ರ್‍ಯಾಲಿಯನ್ನು ಗೆದ್ದರು. ಹೆಂಗಸರಿಗೆಂದು ಇಟ್ಟ ಬಹುಮಾನವನ್ನಲ್ಲ, ಗಂಡಸರನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನವನ್ನೇ. ಬೆಟ್ಟದ ಕಡಿದಾದ ದಾರಿಗಳಲ್ಲಿ ಹಗಲು ರಾತ್ರಿ ನಿದ್ದೆಗೆಟ್ಟು ಓಡಿಸುವ ಓಟ ಅದು. ಅಂಥ ಕಾರನ್ನು ಯಾರಾದರೂ ಹರಾಜಿನಲ್ಲಿ ಕೋಟಿ ಕೊಟ್ಟು ಕೊಂಡರೆ, ನಾನು ಚಪ್ಪಾಳೆ ತಟ್ಟುತ್ತೇನೆ. ಅದರ ಜಾತಕದಲ್ಲಿ ಧೈರ್ಯವಿದೆ.

“ಹಾಗಾದರೆ ಚರಿತ್ರೆಯ ವಸ್ತುಗಳನ್ನು ಉಳಿಸಬಾರದೇ? ನೀವೇ ಹಿಸ್ಟರಿ ಟೀಚರು” ಎಂಬುದು ಅವನ ಎರಡನೇ ಪ್ರಶ್ನೆ. ಉಳಿಸಬೇಕು. ಟೈಟಾನಿಕ್ ಹಡಗಿನ ವಾದ್ಯಗಾರ ವಾಲೆಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ 9 ಲಕ್ಷ ಪೌಂಡಿಗೆ ಕೂಗಿತು. ಅದೂ ಸಾವಿನ ಮನೆಯಿಂದ ಬಂದ ವಸ್ತುವೇ. ಆದರೆ ಅದು ಸತ್ತವನದೇ ಪಿಟೀಲು; ಮದುವೆ ಗೊತ್ತಾದಾಗ ಹುಡುಗಿ ಅವನಿಗೆ ಕೊಟ್ಟದ್ದು. ಅದನ್ನು ನೋಡಿದವರಿಗೆ ಹಡಗು ಮುಳುಗುವಾಗಲೂ ಬಾರಿಸುತ್ತಿದ್ದ ಹಾರ್ಟ್ಲಿ ನೆನಪಾಗುತ್ತಾನೆ, ಆ ಹುಡುಗಿ ನೆನಪಾಗುತ್ತಾಳೆ. ವಸ್ತು ಉಳಿದದ್ದರಿಂದ ಹೆಸರೂ ಉಳಿಯಿತು.

ಈ ಕಾರಿನ ವಿಷಯದಲ್ಲಿ ಹಾಗಾಯಿತೇ? ಹರಾಜಿನ ಸುದ್ದಿಗಳಲ್ಲಿ, ಲೆ ಮಾನ್ ಬಗೆಗಿನ ಲೇಖನಗಳಲ್ಲಿ, ಎಲ್ಲ ಕಡೆಯೂ ಹೆಸರುಗಳುಂಟು: ಹಾಥಾರ್ನ್, ಮ್ಯಾಕ್ಲಿನ್, ಲವೇಗ್, ಹಿಂದೆ ಬರುತ್ತಿದ್ದು ಕೂದಲೆಳೆಯಲ್ಲಿ ಪಾರಾದ ಫ್ಯಾಂಜಿಯೊ. ಕಾರಿಗೂ ಹೆಸರುಂಟು, ನಂಬರುಂಟು. ಏಣಿಯ ಮೇಲೆ ನಿಂತಿದ್ದವರು ಮಾತ್ರ ಒಂದು ಸಂಖ್ಯೆ. ಎಂಬತ್ತಕ್ಕೂ ಹೆಚ್ಚು. ಆ ಸಂಜೆ ಎಷ್ಟು ಮನೆಗಳಲ್ಲಿ ಊಟ ಆರಿಹೋಯಿತು, ಎಷ್ಟು ಹೆಂಗಸರು ಬಾಗಿಲಲ್ಲಿ ನಿಂತು ಕಾದರು ಎಂಬುದು ಕಾರಿನ ಜಾತಕದಲ್ಲಿ ಬರುವುದಿಲ್ಲ. ಲವೇಗ್‌ನ ಹೆಂಡತಿ ಆ ಹೊತ್ತಿನಲ್ಲಿ ಕಟ್ಟೆಯ ಹತ್ತಿರವೇ ನಿಂತಿದ್ದಳು. ಎಲ್ಲವನ್ನೂ ಕಣ್ಣಾರೆ ಕಂಡಳು. ಅವಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು.

ಇದೊಂದೇ ಕಾರಿನ ಕಥೆಯಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅದೇ 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿನಿಮಾ ನಟ ಜೇಮ್ಸ್ ಡೀನ್ ತನ್ನ ಪೋರ್ಷೆ ಕಾರಿನಲ್ಲಿ ಅಪಘಾತವಾಗಿ ಸತ್ತ. ಇಪ್ಪತ್ತನಾಲ್ಕು ವರ್ಷದ ಹುಡುಗ. ಆ ಕಾರಿನ ಗೇರು ಪೆಟ್ಟಿಗೆಯ ಭಾಗವೊಂದು 2021ರಲ್ಲಿ 3,82,000 ಡಾಲರಿಗೆ ಮಾರಿಹೋಯಿತು. ಕಾರಲ್ಲ, ಬರೀ ಗೇರು ಪೆಟ್ಟಿಗೆ. ಹೆಣದ ಮೇಲಿನ ಒಡವೆಯನ್ನು ಬಿಚ್ಚಿಕೊಳ್ಳುವವರನ್ನು ನಮ್ಮ ಕಡೆ ಏನೆಂದು ಕರೆಯುತ್ತಾರೆ ಎಂದು ನಾನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು.

ದುರಂತದಿಂದ ಏನನ್ನು ಉಳಿಸಿಕೊಳ್ಳಬೇಕು ಎಂದು ಕೇಳಿದರೆ ನಾನು ಇನ್ನೊಂದು ಹೆಸರು ಹೇಳುತ್ತೇನೆ. ಲವೇಗ್‌ನ ಜೊತೆಗಾರ ಚಾಲಕ ಜಾನ್ ಫಿಚ್ ಎಂಬ ಅಮೆರಿಕದವನು. ಲವೇಗ್ ಇಳಿದ ಮೇಲೆ ಆ ಮರ್ಸಿಡಿಸನ್ನು ಓಡಿಸಬೇಕಾದವನು ಅವನೇ. ತನ್ನ ಸರದಿಗೆ ತಯಾರಾಗಿ, ಲವೇಗ್‌ನ ಹೆಂಡತಿಯ ಪಕ್ಕದಲ್ಲೇ ನಿಂತಿದ್ದ. ಉಳಿದ ಕಾರುಗಳನ್ನು ಹಿಂದಕ್ಕೆ ಕರೆಸಿ ಎಂದು ಮರ್ಸಿಡಿಸಿನವರಿಗೆ ಹೇಳಿದವರಲ್ಲಿ ಅವನೂ ಒಬ್ಬ. ಮುಂದೆ ಅವನು ರಸ್ತೆಯ ಸುರಕ್ಷತೆಗಾಗಿ ಬಹಳ ಕೆಲಸ ಮಾಡಿದ. ಅಮೆರಿಕದ ಹೆದ್ದಾರಿಗಳಲ್ಲಿ ಸೇತುವೆಯ ಕಂಬಗಳ ಮುಂದೆ ಮರಳು ತುಂಬಿದ ಹಳದಿ ಪ್ಲಾಸ್ಟಿಕ್ ಪೀಪಾಯಿಗಳನ್ನು ಸಾಲಾಗಿ ಇಡುತ್ತಾರೆ. ದಾರಿ ತಪ್ಪಿ ಬಂದ ಕಾರು ಕಾಂಕ್ರೀಟಿಗೆ ಬಡಿಯುವ ಬದಲು ಪೀಪಾಯಿಗಳಿಗೆ ಬಡಿಯುತ್ತದೆ. ಅವು ಒಡೆದು ಮರಳು ಚೆಲ್ಲುತ್ತ ವೇಗವನ್ನು ನುಂಗುತ್ತವೆ. ಒಳಗಿನ ಜೀವ ಉಳಿಯುತ್ತದೆ. ಆ ಪೀಪಾಯಿಯ ಉಪಾಯ ಫಿಚ್‌ನದು. ಅದರಿಂದ ಉಳಿದವರು ಸಾವಿರಾರು ಜನ. ಲೆ ಮಾನ್‌ನ ಸಂಜೆಯನ್ನು ನೋಡಿದ ಮನುಷ್ಯ ಮಾಡಬೇಕಾದ ಕೆಲಸ ಅದು. ಒಂದು ಪೀಪಾಯಿಗೆ ಹರಾಜಿನಲ್ಲಿ ಯಾರೂ ಕೈಯೆತ್ತುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಮಾರುವವರು ಮಾರಲಿ, ಕೊಳ್ಳುವವರು ಕೊಳ್ಳಲಿ. ಅವರ ದುಡ್ಡು, ಅವರ ಶೋಕಿ. ಆದರೆ ಜನ ಸತ್ತ ಕಾರಣಕ್ಕೇ ಹೆಸರಾದ ವಸ್ತುವನ್ನು ಹರಾಜಿಗೆ ಇಡುವಾಗ, ಅದರ ಕ್ಯಾಟಲಾಗಿನ ಮೊದಲನೇ ಪುಟದಲ್ಲಿ ಇಂಜಿನ್ನಿನ ಸಾಮರ್ಥ್ಯ ಬರುವ ಮೊದಲು ಸತ್ತವರ ಹೆಸರು ಅಚ್ಚಾಗಲಿ, ವಯಸ್ಸಿನ ಸಮೇತ. ಅದನ್ನು ಓದಿದ ಮೇಲೂ ಕೈಯೆತ್ತುವ ಮನಸ್ಸಿದ್ದವನು ಎತ್ತಲಿ. ಬಂದ ಹಣದಲ್ಲಿ ಒಂದು ಪಾಲು ರಸ್ತೆಯಲ್ಲಿ ಗಾಯವಾದವರ ಆಸ್ಪತ್ರೆಗೆ ಹೋಗಲಿ. ಇದನ್ನು ಕಾನೂನು ಮಾಡಿ ಎಂದು ನಾನು ಹೇಳುತ್ತಿಲ್ಲ. ನಮ್ಮಮ್ಮನಿಗೆ ಯಾವ ಕಾನೂನೂ ಹೇಳಿರಲಿಲ್ಲ.

ಸೋದರಿಯರೇ, ‘ಎಲ್ಲೋ ಇಂಗ್ಲೆಂಡಿನ ಮಾತು, ನಮಗೇಕೆ’ ಎನ್ನಬೇಡಿ. ನಿಮ್ಮ ಮನೆಯಲ್ಲೂ ಗೋಡೆಗೆ ಕಾರಿನ ಚಿತ್ರ ಅಂಟಿಸಿಕೊಂಡ ಹುಡುಗನಿದ್ದಾನೆ. ಫೋನಿನಲ್ಲಿ ಬೈಕು ಗಾಳಿಗೆ ಹಾರುವುದನ್ನು ನೋಡಿ ‘ಸೂಪರ್’ ಎನ್ನುವ ಮಗನಿದ್ದಾನೆ. ಅವನನ್ನು ಬೈಯಬೇಡಿ. ಪಕ್ಕದಲ್ಲಿ ಕೂತು, ‘ಇದರಲ್ಲಿ ಯಾರು ಸತ್ತರು? ಅವರ ಹೆಸರೇನು?’ ಎಂದು ಕೇಳಿ. ನಾನು ಈಗ ತರಗತಿಯಲ್ಲಿ ಹಾಗೆಯೇ ಕೇಳುತ್ತೇನೆ. ಯುದ್ಧದ ಪಾಠದಲ್ಲಿ ಗೆದ್ದ ರಾಜನ ಹೆಸರು, ಇಸವಿ ಹೇಳಿದ ಮೇಲೆ, ಸತ್ತವರ ಹೆಸರು ಪುಸ್ತಕದಲ್ಲಿ ಎಲ್ಲಿದೆ ಹುಡುಕಿ ಎನ್ನುತ್ತೇನೆ. ಮಕ್ಕಳು ಪುಟ ತಿರುವುತ್ತಾರೆ, ಆಮೇಲೆ ತಲೆಯೆತ್ತಿ ನನ್ನ ಮುಖ ನೋಡುತ್ತಾರೆ.

ಅಣ್ಣನ ಮಗ ಅವತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಅವನಿಗೆ ಆ ಕಾರಿನ ನಂಬರು ಬಾಯಿಪಾಠವಿತ್ತು. ಆಮೇಲೆ ಮೆಲ್ಲಗೆ, “ಅತ್ತೆ, ಅಪ್ಪನ ಸ್ಕೂಟರಿನ ನಂಬರು ಏನಿತ್ತು?” ಎಂದು ಕೇಳಿದ. ನನಗೆ ನೆನಪಿತ್ತು, ಹೇಳಿದೆ. ಒಳಗಿನಿಂದ ಅತ್ತಿಗೆ ಕಾಫಿ ತಂದಳು. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು ಎಂದು ಕಾಣುತ್ತದೆ. ಲೋಟ ಕೆಳಗಿಟ್ಟು, “ಎಳನೀರಿನ ಆ ಹುಡುಗನ ಹೆಸರು ಏನಂತಿದ್ದರು ಮಾವ, ನಿಮಗೆ ನೆನಪಿದೆಯಾ?” ಎಂದು ನನ್ನನ್ನು ಕೇಳಿದಳು.

ಅದು ನನಗೆ ನೆನಪಿರಲಿಲ್ಲ.